ಆಕಿ ರೊಟ್ಟಿ ಬಡದ್ರೇ ಇಂವ ಹಾರ್ತಾನ

ಸುರಪುರ ತಾಲ್ಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್ ಆಗಿದ್ದ ಕೊನೆಯ ವರ್ಷ. ಏಳನೇ ಇಯತ್ತೆಯ ಮಕ್ಕಳಿಗೆ ‘ನಿಮಗೆ ಬಾಳ ಸೇರುವ ವೀರನ ಚಿತ್ರ ಬರೀರಿ’ ಎಂದು ಹೇಳಿ ಹಾಳೆ ಹಂಚಿದೆ. ಸಂಜೆ ಹಾಳೆಗಳನ್ನು ತಿರುವುತ್ತ ಕೂತರೆ ಅರ್ಧಕ್ಕಿಂತ ಹೆಚ್ಚು ಕಡೆ ಸ್ಪೈಡರ್‌ಮ್ಯಾನ್. ಕೆಂಪು ಮುಖವಾಡ, ನೀಲಿ ಕಾಲು, ಕೈಯಿಂದ ಚಿಮ್ಮಿದ ಬಲೆ. ಎಲ್ಲರೂ ಮೊಬೈಲಿನಲ್ಲಿ ನೋಡಿದ ಒಂದೇ ಭಂಗಿ. ಒಂದು ಹಾಳೆ ಮಾತ್ರ ನನ್ನ ಕೈ ಹಿಡಿದು ನಿಲ್ಲಿಸಿತು.

ಅದರಲ್ಲಿ ಸ್ಪೈಡರ್‌ಮ್ಯಾನ್ ಸುರಪುರದ ಗುಡ್ಡದ ಬಂಡೆಗೆ ಜೋತುಬಿದ್ದಿದ್ದ. ಗುಡ್ಡದ ಕೆಳಗೊಂದು ತಗಡಿನ ಮನೆ. ಬಾಗಿಲ ಮುಂದೆ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಹಂಚು, ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂತ ಮುದುಕಿ. ಅವಳ ಎರಡು ಅಂಗೈಗಳನ್ನು ಆ ಹುಡುಗ ಮೈಗಿಂತ ದೊಡ್ಡದಾಗಿ ಬರೆದಿದ್ದ. ಮರುದಿನ ಕರೆದು ಕೇಳಿದೆ: ‘ಇವರು ಯಾರಪ್ಪ?’

‘ಅವನ ದೊಡ್ಡವ್ವ ರೀ ಟೀಚರ್. ಆಕಿ ರೊಟ್ಟಿ ಬಡದ್ರೇ ಇಂವ ಹಾರ್ತಾನ.’

ಆ ಹುಡುಗನ ತಂದೆ ತಾಯಿ ದೀಪಾವಳಿ ಮುಗಿದ ಮೇಲೆ ಗುಳೆ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಯುಗಾದಿಗೆ ಬರುವ ಮಾತು ಕೊಟ್ಟು ಒಮ್ಮೊಮ್ಮೆ ಕಾರಹುಣ್ಣಿಮೆಗೆ ಬರುತ್ತಿದ್ದರು. ಅವನನ್ನು ಸಾಕಿದ್ದು ಆಯಿ, ಅಂದರೆ ಅಜ್ಜಿ. ಚಿತ್ರದಲ್ಲಿದ್ದ ಕೈಗಳು ಯಾರವೆಂದು ನಾನು ಮತ್ತೆ ಕೇಳಬೇಕಾಗಲಿಲ್ಲ.

ಅವನು ಬಳಸಿದ ಒಂದು ಪದ ಇಂದಿಗೂ ನನ್ನ ತಲೆಯಲ್ಲಿದೆ: ದೊಡ್ಡವ್ವ. ಇಂಗ್ಲಿಷಿನಲ್ಲಿ ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್‌ನನ್ನು ಸಾಕಿದವರು ‘ಅಂಕಲ್ ಬೆನ್’ ಮತ್ತು ‘ಆಂಟ್ ಮೇ’. ಅಲ್ಲಿ ಅಂಕಲ್ ಎಂದರೆ ಮುಗಿಯಿತು. ಕಾಕಾನೋ, ಮಾಮಾನೋ, ದೊಡ್ಡಪ್ಪನೋ ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಸಂಬಂಧ ಗೊತ್ತಿಲ್ಲದೆ ಕರೆಯಲಿಕ್ಕೇ ಆಗದು. ಕಥೆಯಲ್ಲಿ ಬೆನ್ ಎಂಬಾತ ಪೀಟರನ ತಂದೆಯ ಅಣ್ಣ. ಹಾಗಾಗಿ ದೊಡ್ಡಪ್ಪ, ಅವನ ಹೆಂಡತಿ ದೊಡ್ಡವ್ವ. ಹನ್ನೆರಡು ವರ್ಷದ ಹುಡುಗ ಅಮೆರಿಕದ ಕಥೆಯೊಂದನ್ನು ತನ್ನ ಮನೆಯ ಅಂಗಳಕ್ಕೆ ಎಳೆದು ತಂದು, ಅದರ ಬಂಧುಬಳಗವನ್ನು ಸರಿಯಾಗಿ ಗುರುತು ಹಿಡಿದಿದ್ದ. ವೀರನನ್ನು ನೋಡುವ ಮೊದಲು ವೀರನ ಮನೆಯನ್ನು ನೋಡಿದ್ದ.

ನಾನು ಹೇಳಬೇಕೆಂದಿರುವುದೂ ಇಷ್ಟೇ. ನಮ್ಮ ಮಕ್ಕಳಿಗೆ ವೀರರ ಕಥೆ ಹೇಳುವಾಗ ನಾವು ಖಡ್ಗವನ್ನು ತೋರಿಸಿ ಮನೆಯನ್ನು ಮುಚ್ಚಿಡುತ್ತಿದ್ದೇವೆ. ಅದನ್ನು ನಿಲ್ಲಿಸಬೇಕು. ಮೊದಲ ಕೆಲಸ ಸುರಪುರದಿಂದಲೇ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಇಲ್ಲಿನ ಅರಸ ರಾಜಾ ವೆಂಕಟಪ್ಪ ನಾಯಕನಿಂದಲೇ ಶುರುವಾಗಬೇಕು.

ಪರದೇಶದ ಚಿತ್ರಕಥೆಗಳು ಮಕ್ಕಳ ಮನಸ್ಸನ್ನು ಹೇಗೆ ಗೆದ್ದವು ಎಂಬುದನ್ನು ಮೊದಲು ನೋಡೋಣ. 1938ರಲ್ಲಿ ಬಂದ ಸೂಪರ್‌ಮ್ಯಾನ್, ಹುಟ್ಟಿದ ಲೋಕವೇ ಸಿಡಿದುಹೋದ ಕೂಸು. ಅವನನ್ನು ಎತ್ತಿಕೊಂಡು ಸಾಕಿದವರು ಹೊಲ ಮನೆ ಮಾಡಿಕೊಂಡಿದ್ದ ಕೆಂಟ್ ದಂಪತಿ. 1939ರ ಬ್ಯಾಟ್‌ಮ್ಯಾನ್ ಕಣ್ಣೆದುರೇ ತಂದೆ ತಾಯಿಯ ಕೊಲೆ ಕಂಡ ಹುಡುಗ. ಅವನ ಹಿಂದೆ ನಿಂತವನು ಮನೆಯ ಕೆಲಸದ ಆಲ್ಫ್ರೆಡ್. 1962ರ ಸ್ಪೈಡರ್‌ಮ್ಯಾನ್‌ನ ಮಾತು ಮೇಲೆ ಹೇಳಿದೆ. ಕೈಗೆ ಸಿಗುತ್ತಿದ್ದ ಕಳ್ಳನನ್ನು ‘ನನಗ್ಯಾಕೆ’ ಎಂದು ಅವನು ಬಿಟ್ಟುಬಿಡುತ್ತಾನೆ, ಅದೇ ಕಳ್ಳ ದೊಡ್ಡಪ್ಪನನ್ನು ಕೊಲ್ಲುತ್ತಾನೆ. ಆ ಹುಡುಗ ವೀರನಾದದ್ದು ಜೇಡ ಕಚ್ಚಿದ ದಿನ ಅಲ್ಲ, ದೊಡ್ಡಪ್ಪನ ಹೆಣ ನೋಡಿದ ದಿನ. ಮೂವರೂ ತಬ್ಬಲಿಗಳು, ಮೂವರಿಗೂ ಸಾಕಿದ ಕೈಗಳಿವೆ. ಓದುವ ಮಗು ಹಾರುವುದನ್ನು ಬೆರಗಿನಿಂದ ನೋಡುತ್ತದೆ ನಿಜ. ಆದರೆ ಆ ಕಥೆಯ ಜೊತೆ ಅದು ಬಾಳುವುದು ಈ ಸಾಕಿದವರ ದೆಸೆಯಿಂದ.

ಇದನ್ನು ನಮ್ಮ ದೇಶದಲ್ಲಿ ಚೆನ್ನಾಗಿ ಅರಿತ ಒಬ್ಬರಿದ್ದರು, ಅವರು ನಮ್ಮ ಕರ್ನಾಟಕದವರೇ. ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದ ಕೂಸಿದ್ದಾಗಲೇ ತಂದೆ ತಾಯಿಯನ್ನು ಕಳೆದುಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದರು. 1967ರಲ್ಲಿ ದೆಹಲಿಯಲ್ಲಿ ಟಿ.ವಿ.ಯಲ್ಲಿ ಒಂದು ರಸಪ್ರಶ್ನೆ ನೋಡುತ್ತಿದ್ದರಂತೆ. ಗ್ರೀಕ್ ದೇವತೆಗಳ ಹೆಸರನ್ನು ಥಟ್ಟನೆ ಹೇಳಿದ ಕಾಲೇಜು ಮಕ್ಕಳಿಗೆ ರಾಮನ ತಾಯಿಯ ಹೆಸರು ಹೇಳಲು ಬರಲಿಲ್ಲ. ತಾವು ನಡೆಸಿದ ಅಮರ ಚಿತ್ರ ಕಥೆ ಮಾಲೆಗೆ ಇದೇ ಪ್ರೇರಣೆಯಾಯಿತು ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರನ್ನು ನೋಯಿಸಿದ ಪ್ರಶ್ನೆ ಯಾವುದೆಂದು ಗಮನಿಸಿ. ರಾಮನ ಬಾಣದ ಪ್ರಶ್ನೆ ಅಲ್ಲ, ರಾಮನ ತಾಯಿಯ ಪ್ರಶ್ನೆ. ಇನ್ನೊಂದು ಮಾತನ್ನು ಕನ್ನಡಿಗರು ಮರೆಯಬಾರದು: ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಖ್ಯೆಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಅವು ಸಿಂಡ್ರೆಲಾದಂಥ ಪರದೇಶದ ಕಥೆಗಳು. ಹನ್ನೊಂದನೆಯದಾಗಿ ‘ಕೃಷ್ಣ’ ಬಂತು. ಹೆತ್ತ ತಾಯಿ ಒಬ್ಬಳು, ಸಾಕಿದ ತಾಯಿ ಇನ್ನೊಬ್ಬಳು ಇರುವ ಕೃಷ್ಣ.

ಅನಂತ ಪೈ ಅವರ ಪ್ರಶ್ನೆಯನ್ನೇ ನಾನು ನನ್ನ ಮಕ್ಕಳಿಗೆ ತಿರುಗಿಸಿ ಕೇಳಿದೆ. ‘ಸ್ಪೈಡರ್‌ಮ್ಯಾನ್‌ನನ್ನು ಸಾಕಿದವರು ಯಾರು?’ ಹತ್ತು ಕೈ ಎದ್ದವು. ‘ನಮ್ಮ ವೆಂಕಟಪ್ಪ ನಾಯಕನ ತಾಯಿ ಯಾರು?’ ತರಗತಿ ಮೌನವಾಯಿತು. ಅವರದೇ ಊರಿನ ಅರಮನೆಯಲ್ಲಿ ಬಾಳಿದ ಹೆಣ್ಣುಮಗಳು ಈಶ್ವರಮ್ಮ. ತಪ್ಪು ಮಕ್ಕಳದಲ್ಲ. ಪಾಠದಲ್ಲಿ ಇರುವುದು ಇಸವಿ, ಬಂಡಾಯ, ಮರಣ. ಭಾಷಣದಲ್ಲಿ ಇರುವುದು ಕುದುರೆ ಮತ್ತು ಕತ್ತಿ.

ಹಾಗಾದರೆ ಆ ಮನೆಯಲ್ಲಿ ಯಾರು ಯಾರಿದ್ದರು? ಕಾಗದದ ಮೇಲೆ ಚೌಕ ಹಾಕಿಕೊಂಡು ಚಿತ್ರಕಥೆ ಬರೆಯುವವಳಂತೆ ಒಂದೊಂದಾಗಿ ಹೇಳುತ್ತೇನೆ.

ಮೊದಲ ಚೌಕದಲ್ಲಿ ವಾಗಣಗೇರಿ ಕೋಟೆ. ಸುರಪುರದ ನಾಯಕರು ಬೇಡ ಸಮುದಾಯದ ಅರಸರು. 1705ರಲ್ಲಿ ಮುದಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಖುದ್ದಾಗಿ ಅವನು ನಡೆಸಿದ ಕೊನೆಯ ಮುತ್ತಿಗೆ ಅದು. ಪಿಡ್ಡನಾಯಕ ಕೋಟೆಯನ್ನು ಬಿಟ್ಟುಕೊಡಬೇಕಾಯಿತು, ಆದರೆ ಕೈಗೆ ಸಿಗಲಿಲ್ಲ. ಸುರಪುರದ ಮನೆತನದ ಕೂಸುಗಳು ತೊಟ್ಟಿಲಲ್ಲೇ ಕೇಳುತ್ತಿದ್ದ ಕಥೆ ಇದು.

ಎರಡನೆಯ ಚೌಕ 1842. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಿಗೆ ಏಳೆಂಟು ವರ್ಷ. ಒಂದು ಕಡೆ ಮಗನ ಹೆಸರಿನಲ್ಲಿ ಆಡಳಿತ ತನ್ನ ಕೈಲಿರಬೇಕೆನ್ನುವ ತಾಯಿ ಈಶ್ವರಮ್ಮ, ಇನ್ನೊಂದು ಕಡೆ ತಂದೆಯ ಸೋದರ ಪಿಡ್ಡನಾಯಕ. ಮೇಲೆ ನಿಜಾಮನಿಗೆ ಸಲ್ಲಬೇಕಾದ ಬಾಕಿ. ಬಾಕಿಯ ಹಿಂದೆ ಬ್ರಿಟಿಷರು. ತಂದೆ ಇಲ್ಲದ ಮಗುವಿನ ಸುತ್ತ ಆಸ್ತಿಯ ಜಗಳ ಹೇಗಿರುತ್ತದೆ ಎಂದು ನಮ್ಮ ಹಳ್ಳಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಈಶ್ವರಮ್ಮನ ಬಗ್ಗೆ ನನಗೊಂದು ದುಃಖವಿದೆ. ಅವಳ ಬಗ್ಗೆ ಇವತ್ತು ನಾವು ಓದುವುದೆಲ್ಲ ಹೆಚ್ಚುಕಡಿಮೆ ಅವಳ ಎದುರಾಳಿ ಬರೆದದ್ದು. ಆ ಬರಹದಲ್ಲಿ ಅವಳು ಹಟಮಾರಿ, ಕೆಟ್ಟವಳು, ಮಗನನ್ನು ಹಾಳುಮಾಡಿದವಳು. ಇರಬಹುದು, ಇಲ್ಲದಿರಬಹುದು. ಆದರೆ ಗಂಡ ಸತ್ತ ವರ್ಷವೇ ಪರದೇಶದ ಅಧಿಕಾರಿಯೊಬ್ಬ ಬಂದು ‘ಖಜಾನೆ ಬೀಗ ಕೊಡು, ಮಗನ ಹೊಣೆ ನನ್ನದು’ ಎಂದು ಎದುರು ನಿಂತಾಗ ಹಟ ಮಾಡದ ತಾಯಿ ಯಾರು? ಚಿತ್ರಕಥೆ ಬರೆಯುವವರು ಆ ಚೌಕವನ್ನು ಅವಳ ಕಣ್ಣಿಂದಲೂ ಒಮ್ಮೆ ಬರೆಯಲಿ ಎಂದು ನಾನು ಬೇಡುತ್ತೇನೆ.

ಮೂರನೆಯ ಚೌಕದಲ್ಲಿ ಬರುವವನೇ ಆ ಅಧಿಕಾರಿ, ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬಯಿಗೆ ದುಡಿಯಲು ಬಂದು, ನಿಜಾಮನ ಸೈನ್ಯ ಸೇರಿದವನು. ಠಕ್ಕರ ಕುರಿತ ಅವನ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಹೆಸರು ಮಾಡಿತ್ತು. 1853ರವರೆಗೆ ಸುರಪುರ ಅವನ ಕೈಯಲ್ಲಿತ್ತು. ಕೆರೆಗಳನ್ನು ದುರಸ್ತಿ ಮಾಡಿಸಿದ. ಬೋನಾಳ ಕೆರೆಯ ದಂಡೆ ಅವನಿಗೆ ಅಚ್ಚುಮೆಚ್ಚು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಇತಿಹಾಸಪೂರ್ವ ಕಲ್ಲುಗಳನ್ನು ಲೋಕಕ್ಕೆ ತಿಳಿಸಿದವರಲ್ಲಿ ಅವನು ಮೊದಲಿಗ. ಗುಡ್ಡದ ಮೇಲಿನ ಅವನ ಮನೆಯನ್ನು ಊರು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತದೆ. ಹುಡುಗನ ಓದಿನ ಹೊಣೆ ಹೊತ್ತವನೂ ಅವನೇ. ಸುರಪುರದಲ್ಲಿದ್ದಾಗಲೇ ಅವನ ಹೆಂಡತಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿ. ಮಕ್ಕಳು ಹತ್ತಿರ ಇಲ್ಲದ ಗಂಡಸು, ತಂದೆ ಇಲ್ಲದ ಹುಡುಗ. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಟೇಲರ್ ತನ್ನ ಇಂಗ್ಲಿಷ್ ಆತ್ಮಕಥೆಯಲ್ಲೂ ಆ ಕನ್ನಡ ಪದವನ್ನು ಹಾಗೇ ಉಳಿಸಿಕೊಂಡಿದ್ದಾನೆ.

ಇಲ್ಲಿ ಕೆಲವರು ತಡೆಯುತ್ತಾರೆ. ಆಂಗ್ಲ ಅಧಿಕಾರಿಯ ಪ್ರೀತಿಯನ್ನು ಮಕ್ಕಳಿಗೆ ಯಾಕೆ ಹೇಳಬೇಕು, ಅವನು ಈಸ್ಟ್ ಇಂಡಿಯಾ ಕಂಪನಿಯ ಪರ ಇದ್ದವನಲ್ಲವೇ ಎನ್ನುತ್ತಾರೆ. ನಿಜ, ಕಂಪನಿಯ ಪರವೇ ಇದ್ದ. ಅದಕ್ಕೇ ಹೇಳಬೇಕು. ಸಾಕಿದ ಅಪ್ಪ ಒಂದು ಕಡೆ, ಹುಟ್ಟಿದ ನೆಲ ಇನ್ನೊಂದು ಕಡೆ ನಿಂತಾಗ ಒಬ್ಬ ತರುಣ ಏನು ಮಾಡಿದ ಎಂಬುದೇ ಈ ಕಥೆಯ ಜೀವ. ಟೇಲರ್‌ನನ್ನು ಕ್ರೂರಿ ಮಾಡಿಬಿಟ್ಟರೆ ವೆಂಕಟಪ್ಪನ ನಿರ್ಧಾರ ಹಗುರಾಗುತ್ತದೆ. ಕ್ರೂರಿಯ ವಿರುದ್ಧ ಯಾರಾದರೂ ಎದ್ದು ನಿಲ್ಲುತ್ತಾರೆ. ‘ಅಪ್ಪಾ’ ಎಂದು ಕರೆದವನ ಸರಕಾರದ ವಿರುದ್ಧ ಎದ್ದು ನಿಲ್ಲಲು ಬೇರೆಯೇ ಗುಂಡಿಗೆ ಬೇಕು.

ನಾಲ್ಕನೆಯ ಚೌಕದಲ್ಲಿ ಒಡನಾಡಿಗಳು. ಇಲ್ಲಿ ಚೌಕ ದೊಡ್ಡದಾಗಬೇಕು, ಎರಡು ಪುಟ ತುಂಬಬೇಕು. 1857ರ ಬಿಸಿ ದಕ್ಷಿಣಕ್ಕೂ ಮುಟ್ಟಿದಾಗ ಸುರಪುರದಲ್ಲಿ ಸೇರಿದವರು ಊರಿನ ಬೇಡ ವೀರರಷ್ಟೇ ಅಲ್ಲ. ಅರಬರಿದ್ದರು, ರೋಹಿಲರಿದ್ದರು. ಸುತ್ತಲೂ ಕಿಡಿಗಳಿದ್ದವು: 1857ರ ನವೆಂಬರಿನಲ್ಲಿ ಆಯುಧ ಕಸಿಯುವ ಕಾನೂನಿನ ವಿರುದ್ಧ ಹಲಗಲಿಯ ಬೇಡರು, 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವ್ ಮತ್ತು ನರಗುಂದದ ಬಾಬಾಸಾಹೇಬ. ಪುಸ್ತಕದಲ್ಲಿ ಇವರೆಲ್ಲ ಬೇರೆ ಬೇರೆ ಪ್ಯಾರಾಗಳಲ್ಲಿ ಬಿಡಿಬಿಡಿಯಾಗಿ ಸಾಯುತ್ತಾರೆ. ಒಂದೇ ನಕಾಶೆಯ ಮೇಲೆ ಬರೆದರೆ ಮಗುವಿಗೆ ತಾನಾಗಿ ಕಾಣುತ್ತದೆ, ಇವರು ನೆರೆಹೊರೆಯವರು ಎಂದು.

ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್, ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಸುರಪುರಕ್ಕೆ ಕಳಿಸಿದ. 1858ರ ಫೆಬ್ರುವರಿಯಲ್ಲಿ ಕಾಳಗ ನಡೆಯಿತು; ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ದಂಡು ಬರುತ್ತಿದ್ದಂತೆ ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ. ನೆರವು ಸಿಗಬಹುದೆಂದು ನಂಬಿ ಹೋದ ಬಾಗಿಲು ಮುಚ್ಚಿತ್ತು. ಅದನ್ನೂ ಬರೆಯಬೇಕು. ಒಡನಾಡಿಗಳ ಕಥೆಯಲ್ಲಿ ಕೈ ಬಿಟ್ಟವರಿಗೂ ಒಂದು ಚೌಕ ಉಂಟು.

ಐದನೆಯ ಚೌಕಕ್ಕೆ ನಾನು ಬಣ್ಣ ಹಾಕುವುದಿಲ್ಲ, ಬರೀ ಮಸಿ. ಸೆರೆಮನೆ. ಟೇಲರ್ ನೋಡಲು ಬಂದಿದ್ದಾನೆ. ಪ್ರೇರಣೆ ಕೊಟ್ಟವರ ಹೆಸರು ಹೇಳಿದರೆ ದಯೆ ಸಿಗಬಹುದು ಎಂಬ ಮಾತು ಬರುತ್ತದೆ. ಇಪ್ಪತ್ತನಾಲ್ಕು ತುಂಬದ ಆ ತರುಣ ‘ಅಪ್ಪಾ’ ಎಂದು ಕರೆದೇ, ಹೆಸರುಗಳನ್ನು ಹೇಳಲು ಒಪ್ಪುವುದಿಲ್ಲ. ತಾನು ಕಳ್ಳನಲ್ಲ, ನೇಣು ಹಾಕಬೇಡಿ, ಬೇಕಾದರೆ ಫಿರಂಗಿಯ ಬಾಯಿಗೆ ಕಟ್ಟಿ ಎಂದು ಕೇಳುತ್ತಾನೆ. ಇದನ್ನು ಬರೆದಿಟ್ಟವನು ಟೇಲರನೇ. ತನ್ನ ಮಾತು ಕೇಳದ ಮಗನ ಘನತೆಯನ್ನು ಆ ಅಪ್ಪ ಮುಚ್ಚಿಡಲಿಲ್ಲ. ಮರಣದಂಡನೆ ಇಳಿದು ಇಳಿದು ಕೊನೆಗೆ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದಾಯಿತು. ಆದರೆ 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆದ. ಕೊಂದರು ಎಂದು ನಮ್ಮ ಕಡೆ ಅನೇಕರು ನಂಬುತ್ತಾರೆ. ಎರಡನ್ನೂ ಮಕ್ಕಳ ಮುಂದೆ ಇಡಬಹುದು, ಅವರು ದಡ್ಡರಲ್ಲ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಇಷ್ಟು ಜನ ಇದ್ದ ಕಥೆಯನ್ನು ನಾವು ಒಂದು ಕುದುರೆ, ಒಂದು ಕತ್ತಿಗೆ ಇಳಿಸಿದ್ದೇವೆ. ಒಬ್ಬಂಟಿ ವೀರ ಪುತ್ಥಳಿಗೆ ಚೆಂದ. ಮಗುವಿನ ಜೊತೆ ಅವನು ಮನೆಗೆ ಬರುವುದಿಲ್ಲ.

ಯಾದಗಿರಿ ಜಿಲ್ಲೆಯ ಮಕ್ಕಳಿಗಂತೂ ಇದು ಬರೀ ಇತಿಹಾಸದ ಮಾತಲ್ಲ. ಸುಗ್ಗಿ ಮುಗಿದ ಮೇಲೆ ಯಾದಗಿರಿ ರೈಲು ನಿಲ್ದಾಣದಲ್ಲಿ ಒಂದು ರಾತ್ರಿ ನಿಂತು ನೋಡಿ. ಚೀಲದಲ್ಲಿ ಹಿಟ್ಟು, ಬಕೆಟ್ಟಿನಲ್ಲಿ ಪಾತ್ರೆ, ಕಂಕುಳಲ್ಲಿ ಸಣ್ಣ ಕೂಸು. ಶಾಲೆಗೆ ಹೋಗುವ ಮಕ್ಕಳನ್ನು ಆಯಿ, ಮುತ್ಯಾ, ಕಾಕಾ, ದೊಡ್ಡವ್ವ ಇವರ ಹತ್ತಿರ ಬಿಟ್ಟು ಹೊರಟವರು. ನನ್ನ ತರಗತಿಯಲ್ಲಿ ‘ಪಾಲಕರನ್ನು ಕರೆದುಕೊಂಡು ಬಾ’ ಎಂದಾಗ ತಲೆ ತಗ್ಗಿಸುವ ಮಕ್ಕಳು ಪ್ರತಿ ವರ್ಷ ಇರುತ್ತಿದ್ದರು. ತಮ್ಮ ಮನೆಯಲ್ಲಿ ಏನೋ ಕೊರತೆಯಿದೆ ಎಂದು ನಂಬಿದವರು. ಆಯಿ ಸಾಕಿದ ಹುಡುಗನೂ ವೀರನಾಗುತ್ತಾನೆ, ಸಾಕಿದ ಕೈಗಳೂ ವೀರನ ಕಥೆಯ ಭಾಗವೇ ಎಂದು ಆ ಮಕ್ಕಳಿಗೆ ಹೇಳಿದ್ದು ನಾವಲ್ಲ. ಅಮೆರಿಕದ ಒಂದು ಚಿತ್ರಕಥೆ ಹೇಳಿತು. ಅದಕ್ಕೆ ನಾನು ಕೃತಜ್ಞಳು. ಆದರೆ ನಮ್ಮ ನೆಲವೂ ಅದನ್ನು ಹೇಳಬಲ್ಲದು, ನಮ್ಮ ಮಾತಿನಲ್ಲಿ.

ಆದ್ದರಿಂದ ನನ್ನ ಬೇಡಿಕೆ ಇದು. ರಾಜಾ ವೆಂಕಟಪ್ಪ ನಾಯಕ ಮತ್ತು ಅವನ ಬಳಗದ ಬಗ್ಗೆ ಮೂವತ್ತೆರಡು ಪುಟದ ಒಂದು ಚಿತ್ರಕಥೆ ತಯಾರಾಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದರ ವೆಚ್ಚ ಹೊರಲಿ. ಕಟ್ಟಡ, ರಸ್ತೆಗಳಿಗೆ ಮೀಸಲಿಡುವ ಹಣದ ಮುಂದೆ ಇದು ಏನೂ ಅಲ್ಲ. ಯಾದಗಿರಿ, ಶಹಾಪುರ, ಸುರಪುರದ ಪ್ರತಿ ಸರಕಾರಿ ಶಾಲೆಗೆ, ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಅದು ತಲುಪಲಿ. ಬೀರುವಿನಲ್ಲಿ ಬೀಗ ಹಾಕಿ ಇಡಲಿಕ್ಕಲ್ಲ, ಮಕ್ಕಳ ಕೈಯಲ್ಲಿ ಹರಿದುಹೋಗಲಿಕ್ಕೆ.

ಚಿತ್ರ ಯಾರು ಬರೆಯಬೇಕು? ಸುರಪುರಕ್ಕೆ ತನ್ನದೇ ಚಿತ್ರಕಲಾ ಪರಂಪರೆಯಿದೆ. ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಬೆಳೆಸಿದ ಸುರಪುರ ಶೈಲಿ. ಕೂದಲೆಳೆಯಂಥ ಗೆರೆ, ಚಿನ್ನದ ಲೇಪ, ಅಂಗೈ ಅಗಲದ ಜಾಗದಲ್ಲಿ ಇಡೀ ದರ್ಬಾರು. ಅಂಥ ದರ್ಬಾರಿನ ಚಿತ್ರದಲ್ಲಿ ಅರಸ ಒಬ್ಬನೇ ಕೂತಿರುವುದಿಲ್ಲ. ಚಾಮರ ಬೀಸುವವರು, ಕೈಮುಗಿದು ನಿಂತವರು ಜೊತೆಗೇ ಇರುತ್ತಾರೆ. ಬಳಗದ ಕಥೆ ಹೇಳಲು ಈ ಶೈಲಿಗಿಂತ ಒಳ್ಳೆಯದು ಯಾವುದು? ಆ ಗೆರೆ ಕಲಿತ ಕಲಾವಿದರು ನಮ್ಮ ಭಾಗದಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಕೆಲಸ ಕೊಡಿ. ಪಾತ್ರಗಳ ಮಾತು ನಮ್ಮ ಕಡೆಯ ಕನ್ನಡದಲ್ಲೇ ಇರಲಿ. ಅವ್ವ ಅವ್ವನಂತೆ, ಕಾಕಾ ಕಾಕಾನಂತೆ ಮಾತಾಡಲಿ.

ಚಿತ್ರಕಥೆ ಓದಿದರೆ ಮಕ್ಕಳ ಓದು ಹಾಳಾಗುತ್ತದೆ ಎನ್ನುವ ಪಾಲಕರಿಗೆ ನನ್ನ ಸೇವೆಯ ಅನುಭವದ ಒಂದು ಮಾತು. ಪುಸ್ತಕ ಕಂಡರೆ ದೂರ ಸರಿಯುವ ಮಗು ಚಿತ್ರದ ಆಸೆಗೆ ಅಕ್ಷರದ ಹತ್ತಿರ ಬರುವುದನ್ನು ನಾನು ನೂರಾರು ಸಲ ಕಂಡಿದ್ದೇನೆ. ಚೌಕದಿಂದ ಚೌಕಕ್ಕೆ ಜಿಗಿಯುವಾಗ ನಡುವೆ ಏನಾಯಿತು ಎಂದು ಅದೇ ಊಹಿಸಬೇಕು. ಓದುವುದೆಂದರೆ ಅದೇ ತಾನೆ.

ಬಿಡುಗಡೆಗೆ ದಿನವೂ ಸಿದ್ಧವಿದೆ: ಸೆಪ್ಟೆಂಬರ್ 17. ನಮ್ಮ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನ, ರಾಮನ ತಾಯಿಯ ಹೆಸರು ಕೇಳಿ ಚಿತ್ರಕಥೆಗೆ ಹೊರಟ ಅನಂತ ಪೈ ಹುಟ್ಟಿದ ದಿನ.

ಆ ಪುಸ್ತಕದ ಕೊನೆಯ ಪುಟದ ಬಗ್ಗೆ ಡ್ರಾಯಿಂಗ್ ಟೀಚರ್ ಆಗಿ ಒಂದೇ ಸೂಚನೆ. ವೆಂಕಟಪ್ಪ ನಾಯಕ ಸೆರೆಮನೆಯಲ್ಲಿ ಬಾಯಿಬಿಡದ ಹೆಸರುಗಳು ಅವನ ಜೊತೆಗೇ ಮಣ್ಣಾದವು. ಅವನ ಬೆನ್ನಿಗೆ ನಿಂತು, ಇತಿಹಾಸದಲ್ಲಿ ಮುಖ ಇಲ್ಲದೆ ಹೋದವರು ಅವರು. ಅವರಿಗಾಗಿ ಕೊನೆಯ ಚೌಕವನ್ನು ಖಾಲಿ ಬಿಡಿ. ಕೆಳಗೆ ‘ನಿನ್ನ ಬೆನ್ನಿಗೆ ನಿಂತವರು ಯಾರು? ಇಲ್ಲಿ ಬರೆ’ ಎಂದಷ್ಟೇ ಇರಲಿ. ತಗಡಿನ ಮನೆ, ಮೂರು ಕಲ್ಲಿನ ಒಲೆ, ಮೈಗಿಂತ ದೊಡ್ಡದಾದ ಎರಡು ಅಂಗೈಗಳು ಅಲ್ಲಿ ಮೂಡಬೇಕು. ಆ ಚೌಕ ತುಂಬಿದ ಮಗು ಮರುದಿನ ಶಾಲೆಯಲ್ಲಿ ‘ಪಾಲಕರು ಯಾರು?’ ಎಂದು ಕೇಳಿದರೆ ತಲೆ ಎತ್ತಿ ‘ನಮ್ಮ ಆಯಿ’ ಎನ್ನಬೇಕು.